ಫ್ಲ್ಯಾಟ್ ಆಮೇಲೆ, ಮೊದಲು ಜಾಗ: ಬೆಂಗಳೂರಿಗೆ ಬಂದು ಮನೆ ಕೊಳ್ಳುವವರು ಏನು ವಿಚಾರಿಸಬೇಕು?

2025ರ ಫೆಬ್ರುವರಿಯಲ್ಲಿ ನಮ್ಮಕ್ಕನ ಮಗ ದಾವಣಗೆರೆಯಿಂದ ಫೋನ್ ಮಾಡಿದ. ಬೆಂಗಳೂರಿಗೆ ವರ್ಗ ಆಗಿದೆ ಮಾಮಾ, ಒಂದು ಫ್ಲ್ಯಾಟ್ ನೋಡಿದ್ದೀನಿ, ಬರೋ ಭಾನುವಾರ ಟೋಕನ್ ಅಡ್ವಾನ್ಸ್ ಕೊಡ್ತೀನಿ ಅಂದ. ಎಷ್ಟು ಸಲ ಹೋಗಿ ನೋಡಿದೆ ಅಂತ ಕೇಳಿದೆ. ಎರಡು ಸಲ. ಎರಡೂ ಸಲ ಭಾನುವಾರ ಬೆಳಿಗ್ಗೆ. ಅಡುಗೆಮನೆ ಕಟ್ಟೆಗೆ ಯಾವ ಕಲ್ಲು ಹಾಕಿದ್ದಾರೆ, ಬಾಲ್ಕನಿ ಯಾವ ದಿಕ್ಕಿಗಿದೆ, ಲಿಫ್ಟ್ ಯಾವ ಕಂಪನಿಯದು, ಎಲ್ಲ ಅವನಿಗೆ ಬಾಯಿಪಾಠ. ನಲ್ಲಿಗೆ ಕಾವೇರಿ ಬರುತ್ತಾ, ಬೋರ್‌ವೆಲ್ ನೀರಾ? ಗೊತ್ತಿಲ್ಲ. ಜೋರು ಮಳೆ ಬಂದರೆ ಆ ರಸ್ತೆಯ ನೀರು ಯಾವ ಕಡೆ ಹರಿಯುತ್ತೆ? ಅದೂ ಗೊತ್ತಿಲ್ಲ. ಆಫೀಸಿಗೆ ಎಷ್ಟು ಹೊತ್ತು? ಮ್ಯಾಪ್‌ನಲ್ಲಿ 40 ನಿಮಿಷ ತೋರಿಸುತ್ತೆ ಅಂದ. ಯಾವಾಗ ನೋಡಿದ್ದು ಅಂದರೆ, ಅದೂ ಭಾನುವಾರ ಬೆಳಿಗ್ಗೆನೇ.

ಅವನನ್ನು ದೂರುವುದಕ್ಕೆ ಹೇಳುತ್ತಿಲ್ಲ. ಊರಿನಿಂದ ಬರುವ ಬಹುಪಾಲು ಜನ ಹೀಗೇ ಕೊಳ್ಳುತ್ತಾರೆ, ಅದಕ್ಕೊಂದು ಕಾರಣವೂ ಇದೆ. ನಮ್ಮೂರಲ್ಲಿ ಜಾಗ ವಿಚಾರಿಸುವ ಕೆಲಸವನ್ನು ನಾವು ಯಾವತ್ತೂ ಮಾಡಿಲ್ಲ. ಮಾಡುವ ಅಗತ್ಯವೇ ಬಂದಿರಲಿಲ್ಲ. ಯಾವ ಓಣಿಗೆ ಮಳೆಗಾಲದಲ್ಲಿ ನೀರು ನುಗ್ಗುತ್ತದೆ, ಯಾವ ಬಾವಿ ಬೇಸಿಗೆಯಲ್ಲೂ ಬತ್ತುವುದಿಲ್ಲ, ಯಾವ ಸೈಟಿನ ಮೇಲೆ ಅಣ್ಣತಮ್ಮಂದಿರ ವ್ಯಾಜ್ಯ ಇದೆ, ಇದೆಲ್ಲ ಅಲ್ಲೇ ಹುಟ್ಟಿ ಬೆಳೆದವರಿಗೆ ಯಾರೂ ಹೇಳಿಕೊಡದೆ ಗೊತ್ತಿರುತ್ತದೆ. ಬೆಂಗಳೂರಿಗೆ ಬಂದ ಕೂಡಲೇ ಆ ತಿಳಿವಳಿಕೆ ಸೊನ್ನೆ. ಅದನ್ನು ಮತ್ತೆ ಒಂದೊಂದಾಗಿ ಗುಡ್ಡೆ ಹಾಕಿಕೊಳ್ಳಬೇಕು. ಸ್ವಲ್ಪ ಓಡಾಡಿ, ಸ್ವಲ್ಪ ಜನರನ್ನು ಕೇಳಿ, ಸ್ವಲ್ಪ ಸರ್ಕಾರದ ದಾಖಲೆ ನೋಡಿ. ಮನೆಯೊಳಗಿನ ಟೈಲ್ಸ್, ಬಣ್ಣ, ಅಡುಗೆಮನೆ ಬೇಕಾದಾಗ ಬದಲಾಯಿಸಬಹುದು. ಆ ಮನೆ ನಿಂತಿರುವ ನೆಲ ತಗ್ಗಿನಲ್ಲಿದ್ದರೆ ಅದನ್ನು ಎತ್ತರಕ್ಕೆ ಸಾಗಿಸಲು ಆಗುವುದಿಲ್ಲ ಅಲ್ವಾ.

ಮಂಗಳವಾರದ ದಾರಿ

ಹೆಚ್ಚಿನವರು ಬಜೆಟ್‌ನಿಂದ ಶುರು ಮಾಡುತ್ತಾರೆ. 80 ಲಕ್ಷಕ್ಕೆ ಎಲ್ಲಿ ಸಿಗುತ್ತದೆ ಅಂತ ಹುಡುಕಿದರೆ ಅದು ನಿಮ್ಮನ್ನು ಊರಾಚೆಗೆ ಒಯ್ದು ನಿಲ್ಲಿಸುತ್ತದೆ. ನನ್ನ ಪ್ರಕಾರ ದಿನಾ ಹೋಗಲೇಬೇಕಾದ ಜಾಗದಿಂದ ಶುರು ಮಾಡಬೇಕು. ಆಫೀಸು, ಮಕ್ಕಳ ಶಾಲೆ, ಹೆಂಡತಿಯೂ ಕೆಲಸಕ್ಕೆ ಹೋಗುತ್ತಿದ್ದರೆ ಅವರ ಆಫೀಸು. ಈ ಎರಡು ಮೂರು ಜಾಗಗಳನ್ನು ನಕ್ಷೆಯಲ್ಲಿ ಗುರುತಿಸಿ, ಅಲ್ಲಿಂದ ಹಿಂದಕ್ಕೆ ಹುಡುಕುತ್ತಾ ಬರಬೇಕು.

ದೂರವನ್ನು ಕಿಲೋಮೀಟರಿನಲ್ಲಿ ಅಳೆಯಬೇಡಿ. ಟಾಮ್‌ಟಾಮ್ ಸಂಸ್ಥೆಯ 2024ರ ಸಂಚಾರ ಸೂಚ್ಯಂಕದ ಪ್ರಕಾರ ಬೆಂಗಳೂರಿನಲ್ಲಿ 10 ಕಿ.ಮೀ. ದಾಟಲು ಸರಾಸರಿ 34 ನಿಮಿಷ ಬೇಕು. ಅದು ಸರಾಸರಿ ಮಾತ್ರ. ಸಿಲ್ಕ್ ಬೋರ್ಡ್ ಕಡೆಯೋ ಹೆಬ್ಬಾಳದ ಕಡೆಯೋ ಸಂಜೆ ಆರೂವರೆಗೆ ಹೊರಟವರಿಗೆ ಈ ಲೆಕ್ಕ ಹೇಳಿದರೆ ಒಪ್ಪುವುದಿಲ್ಲ. ಹಾಗಾಗಿ ಒಂದು ದಿನ ರಜೆ ಹಾಕಿ, ವಾರದ ನಡುವಿನ ದಿನ, ಅಂದರೆ ಮಂಗಳವಾರ ಅಥವಾ ಬುಧವಾರ, ನೀವು ಕೊಳ್ಳಬೇಕೆಂದಿರುವ ಮನೆಯ ಗೇಟಿನಿಂದ ಆಫೀಸಿನ ಗೇಟಿನವರೆಗೆ ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ನಿಜವಾಗಿಯೂ ಹೋಗಿ ಬನ್ನಿ. ಸೋಮವಾರ, ಶುಕ್ರವಾರ ಮನೆಯಿಂದಲೇ ಕೆಲಸ ಮಾಡುವವರು ಜಾಸ್ತಿ, ರಸ್ತೆ ಸ್ವಲ್ಪ ಸುಳ್ಳು ಹೇಳುತ್ತದೆ. ಮಳೆ ಬಂದ ಸಂಜೆ ಆದರೆ ಇನ್ನೂ ಒಳ್ಳೆಯದು.

ಆಮೇಲೆ ಮೆಟ್ರೋ. ಜಾಹೀರಾತಿನಲ್ಲಿ 'ಮೆಟ್ರೋದಿಂದ 5 ನಿಮಿಷ' ಅಂತ ಬರೆದಿರುತ್ತಾರೆ. ಓಡುತ್ತಿರುವ ಮೆಟ್ರೋನಾ, ಬರಲಿರುವ ಮೆಟ್ರೋನಾ ಅಂತ ಮೊದಲು ಕೇಳಿ. ನೇರಳೆ ಮಾರ್ಗ ವೈಟ್‌ಫೀಲ್ಡ್‌ನಿಂದ ಚಲ್ಲಘಟ್ಟದವರೆಗೆ ಪೂರ್ತಿಯಾಗಿ ಓಡತೊಡಗಿದ್ದು 2023ರ ಅಕ್ಟೋಬರಿನಲ್ಲಿ. ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರಕ್ಕೆ ಹೋಗುವ ಹಳದಿ ಮಾರ್ಗ ಶುರುವಾಗಿದ್ದು 2025ರ ಆಗಸ್ಟಿನಲ್ಲಿ, ಮೊದಲು ಹೇಳಿದ್ದ ಗಡುವು ದಾಟಿ ವರ್ಷಗಳೇ ಆದ ಮೇಲೆ. ಶುರುವಾದಾಗಲೂ ಮೂರೇ ರೈಲು, 25 ನಿಮಿಷಕ್ಕೊಂದು. ಆ ಮಾರ್ಗವನ್ನು ನಂಬಿ ಎಲೆಕ್ಟ್ರಾನಿಕ್ ಸಿಟಿ ಕಡೆ ಮೊದಲೇ ಮನೆ ಕೊಂಡವರು ಅಷ್ಟೂ ವರ್ಷ ಹೊಸೂರು ರಸ್ತೆಯಲ್ಲೇ ಓಡಾಡಿದರು. ಪೆರಿಫೆರಲ್ ರಿಂಗ್ ರಸ್ತೆಯ ಕಥೆ ಇನ್ನೂ ಹಳೆಯದು. ಅದರ ಭೂಸ್ವಾಧೀನದ ಅಧಿಸೂಚನೆ ಹೊರಟು ಸುಮಾರು ಎರಡು ದಶಕ ಆಯಿತು, ಈಗ ಹೆಸರೂ ಬೆಂಗಳೂರು ಬಿಸಿನೆಸ್ ಕಾರಿಡಾರ್ ಅಂತ ಬದಲಾಗಿದೆ. ಬರಲಿರುವ ರಸ್ತೆಗೆ, ಬರಲಿರುವ ಮೆಟ್ರೋಗೆ ಇವತ್ತೇ ದುಡ್ಡು ಕೊಡಬೇಡಿ. ಬಂದರೆ ಸಂತೋಷ ಅಂತ ಇಟ್ಟುಕೊಳ್ಳಿ.

ಸ್ಟೇಷನ್‌ವರೆಗೆ ನಡೆದು ನೋಡಿ ಅಂತಲೂ ಹೇಳುತ್ತೇನೆ. 800 ಮೀಟರ್ ಕೇಳಲು ಹತ್ತಿರ. ಆ 800 ಮೀಟರಿನಲ್ಲಿ ಫುಟ್‌ಪಾತ್ ಇಲ್ಲದಿದ್ದರೆ, ನಡುವೆ ಒಂದು ಸರ್ವಿಸ್ ರಸ್ತೆ ದಾಟಬೇಕಿದ್ದರೆ, ರಾತ್ರಿ ದೀಪ ಇಲ್ಲದಿದ್ದರೆ, ನೀವು ಎರಡನೇ ವಾರದಿಂದ ಸ್ಕೂಟರ್ ತೆಗೆಯುತ್ತೀರಿ.

ನೀರು ಎಲ್ಲಿಂದ ಬರುತ್ತದೆ

ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ, ಪಕ್ಕದಲ್ಲಿ ದೊಡ್ಡ ನದಿ ಇಲ್ಲ. ಕಾವೇರಿ ನೀರು ಸುಮಾರು 100 ಕಿ.ಮೀ. ದೂರದಿಂದ ತೊರೆಕಾಡನಹಳ್ಳಿ, ಹಾರೋಹಳ್ಳಿ, ತಾತಗುಣಿ ಅಂತ ಮೂರು ಕಡೆ ಪಂಪ್ ಆಗಿ ಮೇಲೇರಿ ಬರಬೇಕು. ಹಳೆಯ ಬೆಂಗಳೂರಿನ ಬಸವನಗುಡಿ, ಮಲ್ಲೇಶ್ವರ, ಜಯನಗರದಂಥ ಕಡೆ ಈ ನೀರು ಎಷ್ಟೋ ವರ್ಷದಿಂದ ಇದೆ. 2007ರಲ್ಲಿ ಪಾಲಿಕೆಗೆ ಸೇರಿಸಿದ 110 ಹಳ್ಳಿಗಳ ಕಥೆ ಬೇರೆ. ನಮ್ಮಂಥವರ ಬಜೆಟ್‌ಗೆ ಸಿಗುವ ಫ್ಲ್ಯಾಟುಗಳು ಬಹಳಷ್ಟು ಇರುವುದು ಈ ಹಳ್ಳಿಗಳಲ್ಲೇ. ಅವುಗಳಿಗಾಗಿಯೇ ಕಾವೇರಿ 5ನೇ ಹಂತದ ಯೋಜನೆ ಮಾಡಿ 2024ರ ಅಕ್ಟೋಬರ್ 16ರಂದು ಉದ್ಘಾಟಿಸಿದರು. ದಿನಕ್ಕೆ 77.5 ಕೋಟಿ ಲೀಟರ್ ಅದರ ಸಾಮರ್ಥ್ಯ. ಅದಕ್ಕೆ ಮೊದಲು ಇಡೀ ನಗರಕ್ಕೆ ಬರುತ್ತಿದ್ದದ್ದು 145 ಕೋಟಿ ಲೀಟರ್.

ಇಲ್ಲಿ ಒಂದು ಮಾತನ್ನು ಸರಿಯಾಗಿ ಅರ್ಥ ಮಾಡಿಕೊಳ್ಳಬೇಕು. 'ಈ ಏರಿಯಾಗೆ ಕಾವೇರಿ ಬಂದಿದೆ' ಅನ್ನುವ ಮಾತಿಗೆ ನಾಲ್ಕು ಅರ್ಥ ಇರಬಹುದು. ರಸ್ತೆಯಲ್ಲಿ ಪೈಪ್ ಹಾಕಿದ್ದಾರೆ, ನೀರು ಇನ್ನೂ ಬಿಟ್ಟಿಲ್ಲ. ನೀರು ಬಿಟ್ಟಿದ್ದಾರೆ, ಈ ಅಪಾರ್ಟ್‌ಮೆಂಟ್ ಇನ್ನೂ ಸಂಪರ್ಕಕ್ಕೆ ದುಡ್ಡು ಕಟ್ಟಿಲ್ಲ. ಸಂಪರ್ಕ ಇದೆ, ವಾರಕ್ಕೆ ಎರಡು ದಿನ ಬರುತ್ತದೆ. ಅಥವಾ ನಿಜವಾಗಿಯೂ ದಿನಾ ಬರುತ್ತದೆ. ಮಾರುವವರು ಇದರಲ್ಲಿ ಯಾವುದು ಅಂತ ಬಿಡಿಸಿ ಹೇಳುವುದಿಲ್ಲ. ಬಾಯಿಮಾತು ಬೇಡ, ಜಲಮಂಡಳಿಯ ಬಿಲ್ ಕೇಳಿ. ಕಳೆದ ಮಾರ್ಚ್, ಏಪ್ರಿಲ್ ತಿಂಗಳ ಬಿಲ್. ಎಷ್ಟು ಲೀಟರ್ ಬಳಕೆ ಆಗಿದೆ ಅಂತ ಅದರಲ್ಲೇ ಇರುತ್ತದೆ. ಅದನ್ನು ಮನೆಗಳ ಸಂಖ್ಯೆಯಿಂದ ಭಾಗಿಸಿದರೆ ಒಂದು ಮನೆಗೆ ನಿಜವಾಗಿ ಎಷ್ಟು ಕಾವೇರಿ ಸಿಗುತ್ತಿದೆ ಅಂತ ತಿಳಿಯುತ್ತದೆ.

ಇನ್ನೊಂದು ದಾಖಲೆ ಗೇಟಿನಲ್ಲೇ ಇರುತ್ತದೆ. ಅಕ್ಕನ ಮಗ ನೋಡಿದ ಆ ಅಪಾರ್ಟ್‌ಮೆಂಟಿಗೆ ಆ ಭಾನುವಾರ ನಾನೂ ಹೋದೆ. ಫ್ಲ್ಯಾಟ್ ತೋರಿಸುವವರು ಬರುವುದು ಅರ್ಧ ಗಂಟೆ ತಡ ಅಂದರು, ನಾವು ಸೆಕ್ಯುರಿಟಿ ಕೋಣೆಯ ಹತ್ತಿರ ಕೂತೆವು. ಕಾವಲುಗಾರ ರಾಯಚೂರು ಕಡೆಯವರು, ಮಾತು ಬೆಳೆಯಿತು. ಮೇಜಿನ ಮೇಲೆ ಉದ್ದನೆಯ ರಿಜಿಸ್ಟರ್ ಇತ್ತು, ಮೂಲೆಗಳೆಲ್ಲ ಒದ್ದೆಯಾಗಿ ಸುರುಳಿ ಸುತ್ತಿಕೊಂಡಿದ್ದವು. ಗೆರೆ ಎಳೆದು ತಾರೀಕು, ಹೊತ್ತು, ಗಾಡಿ ನಂಬರ್, ಲೀಟರ್, ಸಹಿ ಅಂತ ಕಾಲಂ ಮಾಡಿದ್ದರು. ಹಿಂದಿನ ವರ್ಷದ ಪುಟ ತೆಗೆಯಬಹುದಾ ಅಂದೆ, ತೆಗೆದರು. ಮಾರ್ಚ್ ತಿಂಗಳಲ್ಲಿ ಒಂದೊಂದು ದಿನಕ್ಕೆ ಒಂಬತ್ತು, ಹತ್ತು ಸಾಲು. ರಾತ್ರಿ ಎರಡೂವರೆಗೂ ಟ್ಯಾಂಕರ್ ಬಂದಿದೆ. ಒಂದು ಕಡೆ ಲೀಟರ್ ಕಾಲಂ ಖಾಲಿ, ಪಕ್ಕದಲ್ಲಿ 'ಬರಲಿಲ್ಲ' ಅಂತ ಬರೆದಿದ್ದರು. ಅಂಥ 'ಬರಲಿಲ್ಲ' ಸಾಲಾಗಿ ಮೂರು ದಿನ. ಬ್ರೋಷರಿನ ಯಾವ ಪುಟದಲ್ಲೂ ಇಲ್ಲದ ವಿಷಯ ಆ ಒಂದು ಪುಟದಲ್ಲಿತ್ತು.

ಅದು 2024ರ ಬೇಸಿಗೆ. ಆಗ ನಗರದ ಸುಮಾರು 14 ಸಾವಿರ ಸರ್ಕಾರಿ ಬೋರ್‌ವೆಲ್‌ಗಳಲ್ಲಿ 6,900 ಬತ್ತಿವೆ ಅಂತ ಸರ್ಕಾರವೇ ಹೇಳಿತು. ಟ್ಯಾಂಕರ್ ದರ ಕೈ ಮೀರಿದಾಗ ಜಿಲ್ಲಾಡಳಿತ 5 ಕಿ.ಮೀ. ಒಳಗೆ 12 ಸಾವಿರ ಲೀಟರ್‌ಗೆ 1,000 ರೂಪಾಯಿ ಅಂತ ದರ ಗೊತ್ತು ಮಾಡಬೇಕಾಯಿತು. ಬೋರ್‌ವೆಲ್ ನಂಬಿದ ಮನೆಯನ್ನು ಕೊಳ್ಳಲೇಬಾರದು ಅಂತ ನಾನು ಹೇಳುವುದಿಲ್ಲ. ಎಷ್ಟು ಬೋರ್‌ವೆಲ್ ಇವೆ, ಎಷ್ಟು ಅಡಿ ಆಳ, ಅದರಲ್ಲಿ ಎಷ್ಟರಲ್ಲಿ ಈಗ ನೀರಿದೆ, ಏಪ್ರಿಲ್ ತಿಂಗಳ ನಿರ್ವಹಣಾ ವೆಚ್ಚದಲ್ಲಿ ನೀರಿಗೆ ಎಷ್ಟು ಹೋಗಿದೆ, ಇಷ್ಟು ಕೇಳಿ. ಅಲ್ಲಿನ ನಿವಾಸಿಗಳ ಸಂಘದವರು ಸಾಮಾನ್ಯವಾಗಿ ನಿಜ ಹೇಳುತ್ತಾರೆ. ಮಾರಲು ಹೊರಟವರನ್ನು ಬಿಟ್ಟು ಬೇರೆ ಮನೆಯವರನ್ನು ಕೇಳಬೇಕು ಅಷ್ಟೇ.

ನೀರು ಎಲ್ಲಿಗೆ ಹೋಗುತ್ತದೆ

ಈ ಪ್ರಶ್ನೆಯನ್ನು ಕೇಳುವವರು ಬಹಳ ಕಡಿಮೆ. ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವುದು ಇದೇ.

ಬೆಂಗಳೂರು ಸಪಾಟು ನೆಲ ಅಲ್ಲ. ನಡುವೆ ಒಂದು ದಿಬ್ಬ, ಅದರಿಂದ ಇಳಿಯುವ ಮೂರು ದೊಡ್ಡ ಕಣಿವೆಗಳು. ಕೋರಮಂಗಲ–ಚಲ್ಲಘಟ್ಟ ಕಣಿವೆ ಮತ್ತು ಹೆಬ್ಬಾಳ ಕಣಿವೆಯ ನೀರು ಪೂರ್ವಕ್ಕೆ ಹರಿದು ದಕ್ಷಿಣ ಪಿನಾಕಿನಿ ಕಡೆ ಹೋಗುತ್ತದೆ. ವೃಷಭಾವತಿ ಕಣಿವೆಯದು ನೈಋತ್ಯಕ್ಕೆ ಹರಿದು ಅರ್ಕಾವತಿ ಸೇರುತ್ತದೆ. ಈ ಇಳಿಜಾರಿನಲ್ಲಿ ನಮ್ಮ ಹಿರಿಯರು ಒಂದರ ಕೆಳಗೊಂದು ಕೆರೆ ಕಟ್ಟಿದ್ದರು. ಮೇಲಿನ ಕೆರೆ ಕೋಡಿ ಬಿದ್ದರೆ ನೀರು ಕಾಲುವೆಯಲ್ಲಿ ಹರಿದು ಕೆಳಗಿನ ಕೆರೆಗೆ ಹೋಗುತ್ತಿತ್ತು. ಆ ಕಾಲುವೆಯೇ ರಾಜಕಾಲುವೆ. ಈಗ ಎಷ್ಟೋ ಕೆರೆ ಮಾಯ. ಮೆಜೆಸ್ಟಿಕ್ ಬಸ್ ನಿಲ್ದಾಣ ಇರುವುದು ಧರ್ಮಾಂಬುಧಿ ಕೆರೆಯ ಜಾಗದಲ್ಲಿ, ಕಂಠೀರವ ಕ್ರೀಡಾಂಗಣ ಇರುವುದು ಸಂಪಂಗಿ ಕೆರೆಯ ಜಾಗದಲ್ಲಿ. ಕೆರೆ ಮುಚ್ಚಿದರೂ ಇಳಿಜಾರು ಹಾಗೇ ಇದೆ, ನೀರು ತನ್ನ ಹಳೆಯ ದಾರಿಯಲ್ಲೇ ಬರುತ್ತದೆ. ಆ ದಾರಿಯಲ್ಲಿ ಈಗ ಯಾರದೋ ನೆಲಮಾಳಿಗೆ ಇರುತ್ತದೆ.

2022ರ ಸೆಪ್ಟೆಂಬರಿನಲ್ಲಿ ಸರ್ಜಾಪುರ ರಸ್ತೆ, ಬೆಳ್ಳಂದೂರು, ಯಮಲೂರು ಕಡೆ ಏನಾಯಿತು ನೆನಪಿಸಿಕೊಳ್ಳಿ. ಕೋಟಿಗಟ್ಟಲೆ ಬೆಲೆಯ ಮನೆಗಳಿಂದ ಜನರನ್ನು ಟ್ರ್ಯಾಕ್ಟರಿನಲ್ಲಿ ಕೂರಿಸಿ ಹೊರಗೆ ತಂದರು. ಬೆಳ್ಳಂದೂರು, ವರ್ತೂರು ಕೆರೆಗಳು ಕೋರಮಂಗಲ–ಚಲ್ಲಘಟ್ಟ ಕಣಿವೆಯ ಕೆಳತುದಿಯಲ್ಲಿವೆ, ನಗರದ ಅರ್ಧ ನೀರು ಆ ಕಡೆಗೇ ಇಳಿಯುತ್ತದೆ ಅನ್ನುವಷ್ಟು. 2024ರ ಅಕ್ಟೋಬರಿನಲ್ಲಿ ಯಲಹಂಕದ ದೊಡ್ಡ ವಸತಿ ಸಮುಚ್ಚಯವೊಂದಕ್ಕೆ ದೋಣಿ ಹೋಯಿತು. ಮನೆ ಬೆಲೆ ಎಷ್ಟು ಅಂತ ನೀರು ನೋಡುವುದಿಲ್ಲ.

ಹಾಗಾದರೆ ಒಂದು ಜಾಗ ತಗ್ಗಾ, ಎತ್ತರವಾ ಅಂತ ಹೊಸಬರಿಗೆ ಹೇಗೆ ಗೊತ್ತಾಗಬೇಕು? ಮೊದಲನೆಯದಾಗಿ ಕನ್ನಡದವರಿಗೆ ಒಂದು ಅನುಕೂಲ ಇದೆ, ಹೆಸರು ಓದಿದರೆ ಅರ್ಧ ತಿಳಿಯುತ್ತದೆ. ಕೋಡಿಹಳ್ಳಿ ಅಂದಾಗ ಕೋಡಿ ಅನ್ನುವುದು ನಮಗೆ ಕೇಳಿಸುತ್ತದೆ, ದೆಹಲಿಯಿಂದ ಬಂದವರಿಗೆ ಕೇಳಿಸುವುದಿಲ್ಲ. ಅರಕೆರೆಯಲ್ಲಿ ಕೆರೆ ಇದೆ. ಸಮುದ್ರ ಅಂದರೆ ಹಳೆಯ ಕಾಲದಲ್ಲಿ ದೊಡ್ಡ ಕೆರೆ, ಜಕ್ಕಸಂದ್ರ, ಸಿಂಗಸಂದ್ರಗಳ ಸಂದ್ರ ಅದರದೇ ಸವೆದ ರೂಪ ಅನ್ನುತ್ತಾರೆ. ಹೆಸರಲ್ಲಿ ಕೆರೆ ಇದ್ದ ಮಾತ್ರಕ್ಕೆ ಇಡೀ ಊರು ಮುಳುಗುತ್ತದೆ ಅಂತಲ್ಲ. ಆದರೆ ಅಲ್ಲಿ ಕೆರೆ ಎಲ್ಲಿತ್ತು, ಏರಿ ಯಾವ ಕಡೆ, ಕೋಡಿ ಯಾವ ಕಡೆ ಅಂತ ಕೇಳಲೇಬೇಕು. ಕೇಳಬೇಕಾದ್ದು ಹಳ್ಳಿಯ ಹಳಬರನ್ನು. ಪ್ರತಿ ಬಡಾವಣೆಯ ಮಧ್ಯೆ ಹಳೆಯ ಊರು ಒಂದು ಉಳಿದಿರುತ್ತದೆ, ಮಾರಮ್ಮನ ಗುಡಿ, ಅರಳಿಕಟ್ಟೆ, ಒಂದು ಟೀ ಅಂಗಡಿ. ಅಲ್ಲಿ ಕೂತಿರುವ ಅರವತ್ತು ದಾಟಿದವರಿಗೆ ಆ ಅಪಾರ್ಟ್‌ಮೆಂಟ್ ಕಟ್ಟುವ ಮೊದಲು ಅಲ್ಲಿ ರಾಗಿ ಬೆಳೆಯುತ್ತಿದ್ದರೋ ಭತ್ತ ಬೆಳೆಯುತ್ತಿದ್ದರೋ ಗೊತ್ತಿರುತ್ತದೆ. ಭತ್ತ ಅಂದರೆ ಗದ್ದೆ, ಗದ್ದೆ ಅಂದರೆ ಕೆರೆಯ ಕೆಳಗಿನ ತಗ್ಗು. ರಾಗಿ ಅಂದರೆ ಹೊಲ, ಸಾಮಾನ್ಯವಾಗಿ ಎತ್ತರದ ನೆಲ. ಇಷ್ಟು ಸುಲಭದ ಪ್ರಶ್ನೆ ಇದು.

ಎರಡನೆಯದು ದಿಶಾಂಕ್ ಅನ್ನುವ ಆ್ಯಪ್. ಕರ್ನಾಟಕ ಸರ್ಕಾರದ್ದು, ಉಚಿತ. ಜಾಗದಲ್ಲಿ ನಿಂತು ಅದನ್ನು ತೆರೆದರೆ ನೀವು ಯಾವ ಗ್ರಾಮದ ಯಾವ ಸರ್ವೆ ನಂಬರಿನ ಮೇಲೆ ನಿಂತಿದ್ದೀರಿ ಅಂತ ತೋರಿಸುತ್ತದೆ. ಹಳೆಯ ಗ್ರಾಮ ನಕ್ಷೆಯ ಗೆರೆಗಳನ್ನು ಇವತ್ತಿನ ನಕ್ಷೆಯ ಮೇಲೆ ಹರಡಿದ ಹಾಗೆ ಇರುತ್ತದೆ. ಕೆರೆ, ಕಾಲುವೆ ಎಲ್ಲಿ ಹೋಗಿವೆ ಅಂತ ಕಾಣುತ್ತದೆ. ಫೋನಿನ ಜಿಪಿಎಸ್ ಕೆಲವು ಮೀಟರ್ ಆಚೀಚೆ ಆಗಬಹುದು, ಅದಕ್ಕೇ ಇದು ಕೊನೆಯ ಮಾತಲ್ಲ. ಆದರೆ ಕಾಲುವೆ ಗೆರೆ ನಿಮ್ಮ ಕಾಂಪೌಂಡಿನ ಹತ್ತಿರ ಹಾದುಹೋಗಿದ್ದರೆ ಮುಂದಿನ ಹೆಜ್ಜೆ ಇಡುವ ಮೊದಲು ಸರ್ವೆಯರ್ ಒಬ್ಬರನ್ನು ಹಿಡಿಯಬೇಕು. ನಗರದ 2015ರ ಮಾಸ್ಟರ್ ಪ್ಲ್ಯಾನ್ ಕೆರೆಯಿಂದ 30 ಮೀಟರ್, ರಾಜಕಾಲುವೆಯ ಮಧ್ಯದಿಂದ ಅದರ ದರ್ಜೆಗೆ ತಕ್ಕಂತೆ 50, 25, 15 ಮೀಟರ್ ಬಿಡಬೇಕು ಅಂದಿತ್ತು. ಹಸಿರು ನ್ಯಾಯಮಂಡಳಿ ಕೆರೆಗೆ 75 ಮೀಟರ್ ಅಂತ ಹೆಚ್ಚಿಸಿದ್ದನ್ನು ಸುಪ್ರೀಂ ಕೋರ್ಟ್ 2019ರಲ್ಲಿ ರದ್ದು ಮಾಡಿತು. ಈ ಅಂತರಗಳ ಬಗ್ಗೆ ಚರ್ಚೆ ನಿಂತಿಲ್ಲ, ಆದ್ದರಿಂದ ನೀವು ಕೊಳ್ಳುವ ದಿನ ಯಾವುದು ಜಾರಿಯಲ್ಲಿದೆ ಅಂತ ವಕೀಲರನ್ನು ಕೇಳಿ. ಹಾಗೆಯೇ ಗೂಗಲ್ ಅರ್ಥ್‌ನಲ್ಲಿ ಹಳೆಯ ವರ್ಷಗಳ ಉಪಗ್ರಹ ಚಿತ್ರ ನೋಡುವ ಸೌಲಭ್ಯ ಇದೆ. ಇಪ್ಪತ್ತು ವರ್ಷ ಹಿಂದಕ್ಕೆ ಹೋದರೆ ಇವತ್ತಿನ ಕ್ಲಬ್‌ಹೌಸ್ ಜಾಗದಲ್ಲಿ ಏನಿತ್ತು ಅಂತ ಕಣ್ಣಿಗೇ ಕಾಣುತ್ತದೆ.

ಮೂರನೆಯದು ಗೋಡೆ. ಅವತ್ತು ಆ ಅಪಾರ್ಟ್‌ಮೆಂಟಿನ ಹಿಂದಿನ ರಸ್ತೆಗೆ ನಾವು ನಡೆದು ಹೋದೆವು. ಇಡೀ ಸಾಲಿನ ಕಾಂಪೌಂಡುಗಳಲ್ಲಿ ಮೊಣಕಾಲಿನಿಂದ ಕೆಳಗೆ ಬಣ್ಣ ಒಂದು ತರ, ಮೇಲೆ ಒಂದು ತರ. ಕೆಳಗಿನದು ಹೊಸ ಬಣ್ಣ. ಒಂದು ಮನೆಯ ಗೇಟಿನ ಮುಂದೆ ಎರಡು ಅಡಿ ಎತ್ತರದ ಸಿಮೆಂಟ್ ಅಡ್ಡಗಟ್ಟೆ, ಸ್ಕೂಟರ್ ಹತ್ತಿಸಲು ಅದಕ್ಕೊಂದು ಹಲಗೆ. ಇನ್ನೊಂದು ಮನೆಯವರು ಕರೆಂಟ್ ಮೀಟರ್ ಬೋರ್ಡನ್ನು ಎದೆಮಟ್ಟದಿಂದ ಕಿತ್ತು ತಲೆಗಿಂತ ಮೇಲಕ್ಕೆ ಹಾಕಿಸಿದ್ದರು, ಹಳೆಯ ಬೋರ್ಡಿನ ಮೊಳೆ ತೂತು ಇನ್ನೂ ಹಾಗೇ ಇತ್ತು. ಅವನು ಅದನ್ನೆಲ್ಲ ನೋಡುತ್ತಾ ಸುಮ್ನೆ ನಿಂತ. ಇದಕ್ಕೆ ನಕ್ಷೆಯೂ ಬೇಡ, ಆ್ಯಪೂ ಬೇಡ.

ಜಾಗದ ಕಾಗದ

ಕಾಗದದ ಬಗ್ಗೆ ಬರೆಯಲು ಕೂತರೆ ಮುಗಿಯುವುದಿಲ್ಲ, ಕೊನೆಗೆ ಅದನ್ನು ನೋಡಬೇಕಾದವರು ನಿಮ್ಮದೇ ವಕೀಲರು. ಬಿಲ್ಡರ್ ತೋರಿಸಿದ ವಕೀಲರಲ್ಲ. ಬ್ಯಾಂಕ್ ಸಾಲ ಕೊಡುತ್ತಿದೆ, ಆದ್ದರಿಂದ ಕಾಗದ ಸರಿ ಇದೆ ಅನ್ನುವ ವಾದವನ್ನೂ ಪೂರ್ತಿ ನಂಬಬೇಡಿ. ಬ್ಯಾಂಕಿಗೆ ತನ್ನ ಸಾಲದ ಚಿಂತೆ. ಆದರೂ ವಕೀಲರ ಹತ್ತಿರ ಹೋಗುವ ಮೊದಲು ನಿಮಗೇ ಕೆಲವು ವಿಷಯ ತಿಳಿದಿದ್ದರೆ ಎಷ್ಟೋ ಜಾಗಗಳನ್ನು ಅಲ್ಲೇ ಕೈಬಿಡಬಹುದು.

ಖಾತೆ ಅಂದರೆ ಒಡೆತನ ಅಲ್ಲ. ತೆರಿಗೆ ಯಾರ ಹೆಸರಲ್ಲಿ ಕಟ್ಟುತ್ತಾರೆ ಅನ್ನುವ ದಾಖಲೆ. ಒಡೆತನ ಬರುವುದು ಕ್ರಯಪತ್ರದಿಂದ, ಅದಕ್ಕೂ ಹಿಂದಿನ ತಾಯಿ ಪತ್ರದಿಂದ, ಅಂದರೆ ಆಸ್ತಿ ಮೊದಲು ಯಾರಿಂದ ಬಂತು ಅಂತ ತೋರಿಸುವ ಮೂಲ ಪತ್ರದಿಂದ. ಆದರೂ ಎ ಖಾತೆ, ಬಿ ಖಾತೆ ಅನ್ನುವ ವ್ಯತ್ಯಾಸ ಮುಖ್ಯ. ಭೂ ಪರಿವರ್ತನೆ, ಬಡಾವಣೆ ನಕ್ಷೆ, ಕಟ್ಟಡ ನಕ್ಷೆ ಸರಿ ಇಲ್ಲದ ಆಸ್ತಿಗಳಿಂದಲೂ ತೆರಿಗೆ ಪಡೆಯಲು ಪಾಲಿಕೆ ಬೇರೆ ಪುಸ್ತಕ ಇಟ್ಟಿತು, ಅದರಲ್ಲಿರುವುದು ಬಿ ಖಾತೆ. ಬಿ ಖಾತೆಯ ಮನೆ ಕಡಿಮೆ ಬೆಲೆಗೆ ಸಿಗುವುದು ಇದಕ್ಕೇ. 2024ರ ಅಕ್ಟೋಬರಿನಿಂದ ನೋಂದಣಿಗೆ ಇ-ಖಾತೆ, ಅಂದರೆ ಆನ್‌ಲೈನ್ ಖಾತೆ, ಕಡ್ಡಾಯ ಆಗಿದೆ. ಬಿಬಿಎಂಪಿ ಹೋಗಿ ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಅಡಿ ಐದು ಪಾಲಿಕೆಗಳಾಗಿವೆ, ನಿಮ್ಮ ಜಾಗ ಅದರಲ್ಲಿ ಯಾವುದಕ್ಕೆ ಸೇರುತ್ತದೆ ಅಂತ ನೋಡಿಕೊಳ್ಳಿ. ಅಥವಾ ಯಾವುದಕ್ಕೂ ಸೇರದೆ ಗ್ರಾಮ ಪಂಚಾಯಿತಿಯಲ್ಲೇ ಇದೆಯಾ? ಹಾಗಿದ್ದರೆ ಪಂಚಾಯಿತಿ ಆಸ್ತಿಗಳ ದಾಖಲೆ ಇರುವ ಇ-ಸ್ವತ್ತು ತಂತ್ರಾಂಶದ ನಮೂನೆ 9 ಮತ್ತು 11 ಕೇಳಬೇಕು. ನಮೂನೆ 11ಬಿ ಅಂದರೆ ಅನುಮೋದನೆಯ ಕೊರತೆ ಇದೆ ಅಂತ ಅರ್ಥ.

ಸರ್ವೆ ನಂಬರ್ ಸಿಕ್ಕರೆ ಸರ್ಕಾರದ 'ಭೂಮಿ' ತಂತ್ರಾಂಶದಲ್ಲಿ ಪಹಣಿ ನೋಡಬಹುದು. ಪಹಣಿಯಲ್ಲಿ ಖರಾಬು ಅಂತ ಇರುತ್ತದೆ, ಎ ಮತ್ತು ಬಿ ಅಂತ ಎರಡು ಬಗೆ. ಎ ಖರಾಬು ಉಳಲು ಬಾರದ ನೆಲ, ಕಲ್ಲುಬಂಡೆ ಇತ್ಯಾದಿ. ಬಿ ಖರಾಬು ಅಂದರೆ ದಾರಿ, ಹಳ್ಳ, ಕಾಲುವೆ, ಸ್ಮಶಾನದಂಥ ಸಾರ್ವಜನಿಕ ಜಾಗ. ಅದನ್ನು ಯಾರೂ ಮಾರುವಂತಿಲ್ಲ. ಬಿ ಖರಾಬು ಇಷ್ಟು ಗುಂಟೆ ಅಂತ ಪಹಣಿಯಲ್ಲಿ ಇದ್ದು, ಜಾಗಕ್ಕೆ ಹೋಗಿ ನೋಡಿದರೆ ಹಳ್ಳವೂ ಇಲ್ಲ, ದಾರಿಯೂ ಇಲ್ಲ ಅಂದರೆ, ಆ ಗುಂಟೆ ಯಾರ ಗೋಡೆಯ ಕೆಳಗೆ ಸೇರಿಕೊಂಡಿದೆ ಅಂತ ಯೋಚಿಸಿ. ಮಳೆಗಾಲದ ಪ್ರಶ್ನೆ, ಕಾಗದದ ಪ್ರಶ್ನೆ ಎರಡೂ ಇಲ್ಲಿ ಒಂದೇ ಆಗುತ್ತವೆ. ಪಹಣಿಯಲ್ಲೇ ಅಥವಾ ಹಳೆಯ ಮ್ಯುಟೇಶನ್‌ನಲ್ಲೇ, ಅಂದರೆ ಹಕ್ಕು ಬದಲಾವಣೆಯ ದಾಖಲೆಯಲ್ಲೇ, ಇದು ಮಂಜೂರಾದ ಜಮೀನಾ ಅಂತಲೂ ನೋಡಿ. ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಕೊಟ್ಟ ಜಮೀನನ್ನು ಅನುಮತಿ ಇಲ್ಲದೆ ಮಾರಿದ್ದರೆ 1978ರ ಪಿಟಿಸಿಎಲ್ ಕಾಯ್ದೆಯಡಿ ಆ ಮಾರಾಟವೇ ನಿಲ್ಲುವುದಿಲ್ಲ, 2023ರ ತಿದ್ದುಪಡಿಯ ನಂತರ ವಾಪಸ್ ಕೇಳಲು ಕಾಲಮಿತಿಯೂ ಇಲ್ಲ. ಬಡವರಿಗೆ ಕೊಟ್ಟ ನೆಲ ಅದು, ಆ ಕಾಯ್ದೆ ಇರಬೇಕಾದ್ದೇ. ಕೊಳ್ಳುವವರು ತಿಳಿದಿರಬೇಕು ಅಷ್ಟೇ.

ಆಸ್ತಿಯ ಮೇಲೆ ಯಾವ ಮಾರಾಟ, ಸಾಲ ನೋಂದಣಿ ಆಗಿದೆ ಅಂತ ತೋರಿಸುವ ಋಣಭಾರ ಪತ್ರ, ಅಂದರೆ ಇಸಿ, ನೋಂದಣಿ ಇಲಾಖೆಯ 'ಕಾವೇರಿ' ಜಾಲತಾಣದಲ್ಲಿ ಮನೆಯಿಂದಲೇ ತೆಗೆಯಬಹುದು. ಮೂವತ್ತು ವರ್ಷದ್ದು ನೋಡುವುದು ರೂಢಿ. ಹೊಸ ಅಪಾರ್ಟ್‌ಮೆಂಟ್ ಆದರೆ ರೇರಾ, ಅಂದರೆ ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರದ, ನೋಂದಣಿ ನೋಡಿ. 500 ಚದರ ಮೀಟರ್‌ಗಿಂತ ದೊಡ್ಡ ಜಾಗ ಅಥವಾ 8ಕ್ಕಿಂತ ಜಾಸ್ತಿ ಮನೆ ಇದ್ದರೆ ನೋಂದಣಿ ಕಡ್ಡಾಯ. ಕರ್ನಾಟಕ ರೇರಾ ಜಾಲತಾಣದಲ್ಲಿ ಆ ಯೋಜನೆಯ ನಕ್ಷೆ, ಅನುಮತಿ, ಮುಗಿಸುವ ದಿನಾಂಕ, ದೂರು ಎಲ್ಲ ಸಿಗುತ್ತವೆ. ಅದೇ ಬಿಲ್ಡರ್‌ನ ಹಿಂದಿನ ಯೋಜನೆಗಳ ದೂರುಗಳನ್ನೂ ಓದಿ, ಅಲ್ಲಿ ಜನ ತಮ್ಮ ಕಷ್ಟವನ್ನು ಬಿಡಿಸಿ ಬರೆದಿರುತ್ತಾರೆ. ಒಪ್ಪಂದ ಪತ್ರ ನೋಂದಣಿ ಆಗುವ ಮೊದಲು ಬೆಲೆಯ ಶೇ. 10ಕ್ಕಿಂತ ಜಾಸ್ತಿ ಮುಂಗಡ ಅವರು ಕೇಳುವಂತಿಲ್ಲ. ಕಟ್ಟಿ ಮುಗಿದ ಮನೆ ಆದರೆ ವಾಸಯೋಗ್ಯ ಪ್ರಮಾಣಪತ್ರ, ಓಸಿ, ಕೈಗೆ ಬರದೆ ಮುಂದುವರಿಯಬೇಡಿ. 'ಸಿಸಿ ಇದೆ' ಅಂದರೆ ಯಾವ ಸಿಸಿ ಅಂತ ಕೇಳಿ, ಕೆಲಸ ಶುರು ಮಾಡಲು ಕೊಡುವ ಪತ್ರಕ್ಕೂ ಮುಗಿದ ಮೇಲೆ ಕೊಡುವ ಪತ್ರಕ್ಕೂ ಅದೇ ಎರಡಕ್ಷರ. ಓಸಿ ಇಲ್ಲದ ಕಟ್ಟಡಕ್ಕೆ ಕರೆಂಟ್, ನೀರು ಕೊಡಬಾರದು ಅಂತ ಸುಪ್ರೀಂ ಕೋರ್ಟ್ 2024ರ ಡಿಸೆಂಬರಿನಲ್ಲಿ ಹೇಳಿದ ಮೇಲೆ ಹೊಸ ಮನೆ ಕಟ್ಟಿದ ಎಷ್ಟೋ ಜನ ಮೀಟರ್‌ಗಾಗಿ ಕಾಯಬೇಕಾಯಿತು.

ಖರ್ಚಿನ ಲೆಕ್ಕವನ್ನೂ ಮೊದಲೇ ಹಾಕಿ. 45 ಲಕ್ಷಕ್ಕಿಂತ ಮೇಲಿನ ಮನೆಗೆ ಮುದ್ರಾಂಕ ಶುಲ್ಕ ಶೇ. 5, ಅದರ ಮೇಲೆ ಸೆಸ್, ಸರ್‌ಚಾರ್ಜ್. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ. 1 ಇದ್ದದ್ದು ಶೇ. 2 ಆಗಿದೆ. ಒಟ್ಟು ನಗರದಲ್ಲಿ ಶೇ. 7.6. ಅಂದರೆ 80 ಲಕ್ಷದ ಮನೆಗೆ 6 ಲಕ್ಷದ 8 ಸಾವಿರ. ಕಟ್ಟುತ್ತಿರುವ ಮನೆ ಆದರೆ ಶೇ. 5 ಜಿಎಸ್‌ಟಿ ಬೇರೆ.

ಅಪ್ಪ ಅಮ್ಮ ಎಲ್ಲಿ ಕೂರುತ್ತಾರೆ

ಊರಿನಿಂದ ತಂದೆ ತಾಯಿಯನ್ನು ಕರೆದುಕೊಂಡು ಬರುವವರಿಗೆ ಇದನ್ನು ಹೇಳಲೇಬೇಕು. ನಾವು ದಿನಕ್ಕೆ ಹತ್ತು ಗಂಟೆ ಹೊರಗಿರುತ್ತೇವೆ, ಆ ಮನೆಯಲ್ಲಿ ನಿಜವಾಗಿ ಬದುಕುವವರು ಅವರು. ಹದಿನಾಲ್ಕನೇ ಮಹಡಿಯಿಂದ ಇಳಿದರೆ ನಡೆದು ಹೋಗುವಷ್ಟರಲ್ಲಿ ಒಂದು ಹೂವಿನ ಅಂಗಡಿ, ಒಂದು ದೇವಸ್ಥಾನ, ಕನ್ನಡದಲ್ಲಿ ಎರಡು ಮಾತಾಡುವ ಜನ ಇದ್ದಾರಾ? ನನ್ನ ತಾಯಿ ನಮ್ಮ ಮೊದಲ ಬಾಡಿಗೆ ಮನೆಯಲ್ಲಿ ಎಂಟು ತಿಂಗಳು ಇದ್ದರು. ಸುತ್ತ ಒಳ್ಳೆಯ ಜನವೇ, ಯಾರ ಭಾಷೆಯೂ ಅವರಿಗೆ ತಿಳಿಯುತ್ತಿರಲಿಲ್ಲ. ಸಂಜೆ ನಾನು ಬರುವಾಗ ಬಾಲ್ಕನಿಯಲ್ಲಿ ನಿಂತಿರುತ್ತಿದ್ದರು. ಈಗಿನ ಮನೆ ಅದಕ್ಕಿಂತ ಚಿಕ್ಕದು, ಎದುರಿಗೆ ಪಾರ್ಕು, ಕಲ್ಲುಬೆಂಚಿನ ಮೇಲೆ ತುಮಕೂರಿನ ಒಬ್ಬರು, ಹಾಸನದ ಇಬ್ಬರು. ಸಂಜೆ ಐದು ಗಂಟೆಗೆ ಅಮ್ಮ ಮನೆಯಲ್ಲಿ ಸಿಗುವುದೇ ಇಲ್ಲ. ಆಸ್ಪತ್ರೆ ಎಷ್ಟು ದೂರ ಅಂತ ರಾತ್ರಿ ಒಂದು ಗಂಟೆಯ ಲೆಕ್ಕದಲ್ಲೂ, ಸಂಜೆ ಏಳರ ಲೆಕ್ಕದಲ್ಲೂ ನೋಡಿ.

ವಾಸನೆ, ಸದ್ದು ಇವನ್ನು ತಿಳಿಯಲು ರಾತ್ರಿ ಹೋಗಬೇಕು. ಕಸ ವಿಲೇವಾರಿ ಘಟಕ, ಕೊಳಚೆ ಹರಿಯುವ ಕಾಲುವೆ, ಹೆದ್ದಾರಿಯ ಲಾರಿ ಇವೆಲ್ಲ ಭಾನುವಾರ ಬೆಳಿಗ್ಗೆ ಗಮನಕ್ಕೆ ಬರುವುದಿಲ್ಲ.

ಹನ್ನೊಂದು ತಿಂಗಳು

ಇಷ್ಟೆಲ್ಲ ವಿಚಾರಿಸಿದರೂ ಕೆಲವು ಸಂಗತಿ ಅಲ್ಲಿ ಬದುಕಿದರೆ ಮಾತ್ರ ತಿಳಿಯುತ್ತವೆ. ಅದಕ್ಕೇ ನಾನು ಎಲ್ಲರಿಗೂ ಹೇಳುವುದು, ಕೊಳ್ಳಬೇಕು ಅನ್ನಿಸಿದ ಜಾಗದಲ್ಲೇ, ಸಾಧ್ಯವಾದರೆ ಅದೇ ಅಪಾರ್ಟ್‌ಮೆಂಟಿನಲ್ಲೇ, ಮೊದಲು ಬಾಡಿಗೆಗೆ ಇರಿ. ಬೆಂಗಳೂರಿನಲ್ಲಿ ಬಾಡಿಗೆ ಕರಾರು ಹೇಗೂ ಹನ್ನೊಂದು ತಿಂಗಳದ್ದು. ಜೂನ್‌ನಲ್ಲಿ ಶುರು ಮಾಡಿದರೆ ಸೆಪ್ಟೆಂಬರ್, ಅಕ್ಟೋಬರ್‌ನ ದೊಡ್ಡ ಮಳೆ ಸಿಗುತ್ತದೆ, ಮಾರ್ಚ್, ಏಪ್ರಿಲ್‌ನ ನೀರಿನ ಕಷ್ಟವೂ ಸಿಗುತ್ತದೆ. ಬಾಡಿಗೆಗೆ ಕೊಟ್ಟ ದುಡ್ಡು ದಂಡ ಅನ್ನುತ್ತಾರೆ. ತಿಂಗಳಿಗೆ 25 ಸಾವಿರ ಅಂದರೆ ಹನ್ನೊಂದು ತಿಂಗಳಿಗೆ 2 ಲಕ್ಷದ 75 ಸಾವಿರ. ತಪ್ಪು ಮನೆ ಕೊಂಡು, ಅದನ್ನು ಮಾರಿ, ಇನ್ನೊಂದು ಕೊಂಡರೆ ಬರೀ ನೋಂದಣಿಗೇ ಇನ್ನೊಮ್ಮೆ 6 ಲಕ್ಷ ಹೋಗುತ್ತದೆ, ಮಾರಲು ಆಗುವಷ್ಟರಲ್ಲಿ ಕಟ್ಟುವ ಬಡ್ಡಿ ಬೇರೆ.

'ಈ ವಾರ ಬುಕ್ ಮಾಡದಿದ್ದರೆ ಬೆಲೆ ಏರುತ್ತೆ' ಅಂತ ಅಕ್ಕನ ಮಗನಿಗೂ ಹೇಳಿದ್ದರು. ಅವನು ಟೋಕನ್ ಕೊಡಲಿಲ್ಲ. ಜೂನ್‌ನಲ್ಲಿ ಅದೇ ರಸ್ತೆಯ ತುದಿಯಲ್ಲಿ ಎರಡನೇ ಮಹಡಿಯ ಮನೆ ಬಾಡಿಗೆಗೆ ಹಿಡಿದ. ಸೆಪ್ಟೆಂಬರಿನ ಒಂದು ರಾತ್ರಿ ಹನ್ನೊಂದೂವರೆಗೆ ನನಗೆ ವಿಡಿಯೊ ಕಳಿಸಿದ. ಅವನು ಕೊಳ್ಳಬೇಕೆಂದಿದ್ದ ಆ ಅಪಾರ್ಟ್‌ಮೆಂಟಿನ ಗೇಟು, ನೆಲಮಾಳಿಗೆಯಿಂದ ಎರಡು ದಪ್ಪ ಪೈಪು ರಸ್ತೆಗೆ ನೀರು ಉಗುಳುತ್ತಿವೆ, ಜನ ಕೊಡೆ ಹಿಡಿದು ಕಾರುಗಳನ್ನು ಒಂದೊಂದಾಗಿ ಮೇಲೆ ತರುತ್ತಿದ್ದಾರೆ. ಆ ರಿಜಿಸ್ಟರ್ ತೋರಿಸಿದ ರಾಯಚೂರಿನ ಕಾವಲುಗಾರರು ಮೊಣಕಾಲುದ್ದ ನೀರಲ್ಲಿ ನಿಂತು ಟಾರ್ಚ್ ಬಿಡುತ್ತಿದ್ದರು.

ಈಗ ಅವನು ಅಲ್ಲಿಂದ ನಾಲ್ಕು ಕಿ.ಮೀ. ದೂರದ ಎತ್ತರದ ಕಡೆ ನೋಡುತ್ತಿದ್ದಾನೆ. ಹೋದ ವಾರ ಒಂದು ಮನೆಗೆ ನನ್ನನ್ನೂ ಕರೆದುಕೊಂಡು ಹೋಗಿದ್ದ. ಮನೆಯವರು ಬಾಗಿಲು ತೆಗೆದು ಹಾಲ್ ತೋರಿಸಲು ಹೊರಟರು. ಅವನು ಚಪ್ಪಲಿ ಬಿಡುತ್ತಲೇ ಕೇಳಿದ: ಏಪ್ರಿಲ್ ತಿಂಗಳ ನೀರಿನ ಬಿಲ್ ಇದ್ದರೆ ಒಮ್ಮೆ ತೋರಿಸ್ತೀರಾ?